ಫ್ಲೆಕ್ಸಿನ ಮೂಲೆಯಲ್ಲಿ ಒಬ್ಬ ಚಾಂಪಿಯನ್

ಅಮೆರಿಕದ ಕಾಲೇಜು ಹುಡುಗರು ಕೋರ್ಟಿನಲ್ಲಿ ಗೆದ್ದುಬಿಟ್ಟಿದ್ದಾರೆ. ಬ್ಯಾಸ್ಕೆಟ್‌ಬಾಲ್ ಕೋರ್ಟಲ್ಲ, ಕರಿಕೋಟಿನವರ ಕೋರ್ಟು. 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಂದು ರಾಜಿಗೆ ಒಪ್ಪಿಗೆ ಕೊಟ್ಟರು. ಅಲ್ಲಿ ಕಾಲೇಜು ಕ್ರೀಡೆಯ ಯಜಮಾನಿಕೆ ಮಾಡುವ ಎನ್‌ಸಿಎಎ ಎಂಬ ಸಂಸ್ಥೆ, 2016ರಿಂದೀಚೆಗೆ ಪುಕ್ಕಟೆ ಆಡಿಸಿಕೊಂಡದ್ದಕ್ಕೆ ಹಳೇ ಬಾಕಿಯಾಗಿ ಸುಮಾರು 2.8 ಬಿಲಿಯನ್ ಡಾಲರ್ ಕೊಡಬೇಕು. ನಮ್ಮ ಲೆಕ್ಕದಲ್ಲಿ 23 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದು ಹಿಂದಿನ ಬಾಕಿ. ಮುಂದಕ್ಕೆ, ಒಂದೊಂದು ವಿಶ್ವವಿದ್ಯಾಲಯವೂ ವರ್ಷಕ್ಕಿಷ್ಟು ಎಂದು ತನ್ನ ಆಟಗಾರರಿಗೆ ಹಂಚಬಹುದು, 2025-26ಕ್ಕೆ ಆ ಮಿತಿ 20.5 ಮಿಲಿಯನ್ ಡಾಲರ್.

ಈ ಸುದ್ದಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್‌ವರೆಗೆ ಆರಾಮಾಗಿ ರೈಲಿನಲ್ಲಿ ಬರಬಹುದು. ಅಲ್ಲಿಂದ ಒಂದು ಕಡೆ ಶಹಾಬಾದ್, ಇನ್ನೊಂದು ಕಡೆ ಚಿತ್ತಾಪುರ, ಸೇಡಂ. ಚಿಂಚೋಳಿಗೆ ರೈಲಿಲ್ಲವಾದ್ದರಿಂದ ಅಲ್ಲಿಗೆ ಬಸ್ಸಿನಲ್ಲಿ, ಸ್ವಲ್ಪ ತಡವಾಗಿ. ಬಂದ ಮೇಲೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ನಮ್ಮ ಹುಡುಗರಿಗಿ ಯಾವಾಗ್ರಿ?”

ನಾನು ಹೇಳುವುದೇನೆಂದರೆ, ನಮ್ಮ ಹುಡುಗರಿಗೆ ಯಾವಾಗಲೋ ಜಾರಿಯಾಗಿದೆ. ತಿರುವುಮುರುವಾಗಿ ಜಾರಿಯಾಗಿದೆ ಅಷ್ಟೇ. ಅಲ್ಲಿ ಕಾಲೇಜು ಆಟಗಾರನಿಗೆ ಕೊಡುತ್ತದೆ, ಇಲ್ಲಿ ಆಟಗಾರ ಕಾಲೇಜಿಗೆ ಕೊಡುತ್ತಾನೆ. ಅಡ್ಮಿಷನ್ ದಿನ ಕೌಂಟರಿನಲ್ಲಿ ಕೊಡುವ ರಸೀದಿಯನ್ನು ಬಿಡಿಸಿ ನೋಡಿ. ಗ್ರಂಥಾಲಯ, ಪ್ರಯೋಗಾಲಯ, ಗುರುತಿನ ಚೀಟಿ, ಅದು ಇದು ಎಂಬುದರ ನಡುವೆ ಕ್ರೀಡಾ ಶುಲ್ಕ ಎಂಬ ಒಂದು ಸಾಲು ಇರುತ್ತದೆ. ಓಡುವವನೂ ಕಟ್ಟುತ್ತಾನೆ, ಓಡದವನೂ ಕಟ್ಟುತ್ತಾನೆ. ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಒಂದು ಪಾಲು ಕಾಲೇಜಿನಲ್ಲಿ ಉಳಿಯುತ್ತದೆ. ಉಳಿದದ್ದು ಏನಾಯಿತು ಎಂದು ಕೇಳುವ ಆಟಗಾರ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೆ ಮುಂದಿನ ತಂಡದಲ್ಲಿ ಅವನ ಹೆಸರಿರುವುದಿಲ್ಲ.

ಆದರೂ ನ್ಯಾಯವಾಗಿ ಒಮ್ಮೆ ಲೆಕ್ಕ ಹಾಕೋಣ. ಐದೂ ಊರುಗಳಿಗೆ ಸೇರಿ ಒಂದು ಆದಾಯ ಹಂಚಿಕೆ ಸಮಿತಿ ಆಯಿತೆಂದು ಇಟ್ಟುಕೊಳ್ಳಿ. ಅಧ್ಯಕ್ಷರು, ಹೈಸ್ಕೂಲಿನಲ್ಲಿ ಕ್ಯಾರಂ ಆಡಿದ ಅನುಭವವುಳ್ಳ ಹಿರಿಯರು. ಸದಸ್ಯರಾಗಿ ಒಬ್ಬ ಗುತ್ತಿಗೆದಾರರು, ಒಬ್ಬ ನಿವೃತ್ತ ಸೂಪರಿಂಟೆಂಡೆಂಟ್, ಸಂಸ್ಥೆಯ ಕಾರ್ಯದರ್ಶಿಯವರ ಅಳಿಯ. ಆಟಗಾರರ ಪ್ರತಿನಿಧಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ, ಆದರೆ ಅವತ್ತು ಅವನಿಗೆ ಇಂಟರ್ನಲ್ ಪರೀಕ್ಷೆ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ರಾಷ್ಟ್ರೀಯ ಫೆಡರೇಷನ್‌ಗಳಲ್ಲಿ ಆಟಗಾರರ ಸಮಿತಿ ಇರಲೇಬೇಕು ಎಂದಿದೆ. ಒಳ್ಳೆಯದು. ಆ ಕಾಯ್ದೆ ದೆಹಲಿಯಿಂದ ಹೊರಟು ಡಿಗ್ರಿ ಕಾಲೇಜಿನ ಮೈದಾನಕ್ಕೆ ಬರುವಷ್ಟರಲ್ಲಿ ಈಗಿನ ಆಟಗಾರರ ಮಕ್ಕಳು ಆಡುತ್ತಿರುತ್ತಾರೆ.

ಸಮಿತಿಯ ಮುಂದಿನ ಪ್ರಶ್ನೆ: ಹಂಚಲು ಆದಾಯ ಎಲ್ಲಿದೆ? ಟಿವಿಯವರು ಬರುವುದಿಲ್ಲ. ಟಿಕೆಟ್ ಇಲ್ಲ. ಜೆರ್ಸಿ ಮಾರಾಟವಿಲ್ಲ, ಎಷ್ಟೋ ಸಲ ಜೆರ್ಸಿ ಹೊಲಿಸಿದ ದುಡ್ಡೂ ಹುಡುಗನದೇ. ಹಾಗಾದರೆ ಬಂದದ್ದು ಬರೀ ಕ್ರೀಡಾ ಶುಲ್ಕ. ಅದನ್ನು ಹಂಚಿದರೆ ಹುಡುಗನ ದುಡ್ಡು ಹುಡುಗನಿಗೇ ಕೊಟ್ಟಂತಾಗುತ್ತದೆ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ. ಆದ್ದರಿಂದ ಹಂಚುವುದು ಬೇಡ ಎಂದು ಠರಾವು. ಚಹಾ, ಭಜಿ, ವಂದನಾರ್ಪಣೆ. ಭಜಿಯ ಬಿಲ್ಲು ಕ್ರೀಡಾ ಶುಲ್ಕದಲ್ಲಿ.

ದುಡ್ಡಿನ ಮಾತು ಮುಗಿಯಿತು, ಇನ್ನು ಮುಖದ ಮಾತು.

2021ರ ಜುಲೈ 1ರಿಂದ ಅಮೆರಿಕದ ಕಾಲೇಜು ಆಟಗಾರ ತನ್ನ ಹೆಸರನ್ನೂ ಮುಖವನ್ನೂ ಬಳಸಿ ಹಣ ಮಾಡಬಹುದು. ಬೂಟಿನ ಕಂಪನಿಯವನು ಅವನ ಫೋಟೋ ಹಾಕಿದರೆ ಅವನಿಗೆ ದುಡ್ಡು ಕೊಡಬೇಕು. ಅಲ್ಲಿ ಮುಖ ಆಟಗಾರನ ಸ್ವಂತ ಆಸ್ತಿ. ನಮ್ಮ ಕಡೆ ಅದು ಸಾರ್ವಜನಿಕ ಆಸ್ತಿ, ಗಾಯರಾಣದ ಹಾಗೆ. ಯಾರು ಬೇಕಾದರೂ ಮೇಯಬಹುದು.

ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಹುಡುಗಿಯೊಬ್ಬಳು ಗೆದ್ದು ಬಂದಳು ಅನ್ನಿ. ಬೆಳಗಾಗುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದಿರುತ್ತದೆ. ಮೇಲಿನ ಸಾಲಿನಲ್ಲಿ ದೆಹಲಿಯ ನಾಯಕರು, ಅವರ ಕೆಳಗೆ ಬೆಂಗಳೂರಿನವರು, ಅವರ ಕೆಳಗೆ ಜಿಲ್ಲೆಯವರು. ಎಡಕ್ಕೆ ಸಂಸ್ಥೆಯ ಅಧ್ಯಕ್ಷರು ಮೊಬೈಲಿನಲ್ಲಿ ಮಾತಾಡುತ್ತಿರುವ ಭಂಗಿ. ಬಲಕ್ಕೆ ಶುಭ ಕೋರುವ ಯುವ ಮುಖಂಡ, ಕರಿ ಕನ್ನಡಕ, ಕೈಮುಗಿದ ನಿಲುವು. ಕೆಳಗೆ ಗೆಳೆಯರ ಬಳಗದ ಹದಿನಾರು ತಲೆಗಳು, ಎಲ್ಲವೂ ದುಂಡಗೆ ಕತ್ತರಿಸಿದವು. ಓಡಿದವಳು ಯಾರು? ಕತ್ತು ಬಗ್ಗಿಸಿ ಹುಡುಕಬೇಕು. ಮೂಲೆಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನವರ ಫೋನ್ ನಂಬರಿನ ಪಕ್ಕದಲ್ಲಿ, ಹಾಲ್ ಟಿಕೆಟ್‌ನಿಂದ ಎತ್ತಿದ ಒಂದು ಫೋಟೋ. ಒಂದು ಕಣ್ಣು ಮುಚ್ಚಿಕೊಂಡಿದೆ. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ.

ನಾಳೆ ಅಮೆರಿಕದ ಕಾನೂನು ನಮ್ಮಲ್ಲಿ ಬಂದರೂ ಅವಳಿಗೆ ಒಂದು ಪೈಸೆ ಹುಟ್ಟುವುದಿಲ್ಲ. “ಸಾಹೇಬ್ರ ಮುಖದ ಬಾಜೂ ನಿನ್ನ ಮುಖ ಹಾಕೀವಿ, ಅದರ ರೊಕ್ಕ ನೀನೇ ಕೊಡಬೇಕವಾ” ಎಂದು ಬಳಗದವರು ವಂತಿಗೆ ಪುಸ್ತಕ ಹಿಡಿದುಕೊಂಡು ಅವಳ ಮನೆಗೇ ಬರುತ್ತಾರೆ. ಫ್ಲೆಕ್ಸಿಗೆ ತಗುಲಿದ ಖರ್ಚಿನಲ್ಲಿ ಅವಳಿಗೆ ಒಂದು ಜೊತೆ ಒಳ್ಳೆ ಸ್ಪೈಕ್ಸ್ ಬೂಟು ಬರುತ್ತಿತ್ತೋ ಇಲ್ಲವೋ ಎಂದು ಕೇಳುವುದು ಸಣ್ಣತನ. ಬೂಟಿನ ಮೇಲೆ ಹದಿನಾರು ತಲೆ ಅಚ್ಚು ಹಾಕಿಸಲು ಜಾಗ ಎಲ್ಲಿದೆ?

ಊಟಕ್ಕೆ ಬರೋಣ. ಈ ವಿಷಯದಲ್ಲಿ ಅಮೆರಿಕದವರಿಗೂ ನಮಗೂ ಆಶ್ಚರ್ಯಕರ ಹೋಲಿಕೆ ಇತ್ತು ಎಂಬುದನ್ನು ಸಂತೋಷದಿಂದ ತಿಳಿಸುತ್ತೇನೆ. ಎನ್‌ಸಿಎಎ ನಿಯಮದಲ್ಲಿ ಆಟಗಾರರಿಗೆ ತಿಂಡಿಯೆಂದು ಹಣ್ಣು, ಕಾಳುಬೀಜ, ಬೇಗಲ್ ಎಂಬ ತೂತಿನ ರೊಟ್ಟಿ ಕೊಡಬಹುದಾಗಿತ್ತು. ಅದರ ಮೇಲೆ ಕೆನೆ ಚೀಸ್ ಸವರಿದರೋ, ಅದು ತಿಂಡಿ ಹೋಗಿ ಊಟವಾಗಿಬಿಡುತ್ತಿತ್ತು, ನಿಯಮಭಂಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜೋಳದ ರೊಟ್ಟಿ ಕೊಡಬಹುದು, ಶೇಂಗಾ ಹಿಂಡಿ ಹಚ್ಚಿದರೆ ನೋಟಿಸು. 2014ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಶಬಾಜ್ ನೇಪಿಯರ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ, ಕೆಲವು ರಾತ್ರಿ ತಾನು ಹಸಿದುಕೊಂಡೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ. ಆ ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡ ಅವನದು. ದೇಶವೆಲ್ಲ ನಾಚಿತು, ಅದೇ ತಿಂಗಳು ನಿಯಮ ಬದಲಾಯಿತು, ಊಟಕ್ಕಿದ್ದ ಮಿತಿ ಹೋಯಿತು.

ಅವನು ಮಾಡಿದ ಜಾಣತನ ಎಂದರೆ ಗೆದ್ದ ವಾರವೇ ಬಾಯಿಬಿಟ್ಟದ್ದು. ನಮ್ಮ ಚಿಂಚೋಳಿಯ ಹುಡುಗ ಅದೇ ಮಾತನ್ನು ಹೇಳಿದರೆ ಯಾರೂ ನಾಚುವುದಿಲ್ಲ. “ಎಲ್ಲಾರ ಮನ್ಯಾಗೂ ಅದೇ ಐತಿ ಬಿಡಪಾ” ಅನ್ನುತ್ತಾರೆ. ಬೆಳಗಿನ ಜಾವ ಎದ್ದು, ಎರಡು ತಾಸಿಗೂ ಮೇಲೆ ಬಸ್ಸಿನಲ್ಲಿ ನಿಂತು ಕಲಬುರಗಿಗೆ ಬಂದು, ಎರಡು ಬಾಳೆಹಣ್ಣು, ಒಂದು ಪ್ಲೇಟ್ ಸುಸಲಾ ತಿಂದು ಕಬಡ್ಡಿ ಅಂಕಣಕ್ಕೆ ಇಳಿಯುತ್ತಾನೆ. ಎದುರಾಳಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದ ಹುಡುಗನಾಗಿದ್ದರೆ ಅವನ ತಟ್ಟೆಯನ್ನು ಡಯೆಟಿಷಿಯನ್ ಬರೆದಿರುತ್ತಾರೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಸಮಗ್ರ ಪ್ರಶಸ್ತಿ ಗೆದ್ದದ್ದು ಆತಿಥೇಯ ಜೈನ್ ವಿಶ್ವವಿದ್ಯಾಲಯವೇ. ಅವರನ್ನು ದೂರುತ್ತಿಲ್ಲ. ಆಟಗಾರನಿಗೆ ಹಾಸ್ಟೆಲು, ಕೋಚು, ಊಟ ಕೊಟ್ಟರೆ ಪದಕ ಬರುತ್ತದೆ ಎಂಬ ರಹಸ್ಯ ಅವರಿಗೆ ಹೇಗೋ ಗೊತ್ತಾಗಿಬಿಟ್ಟಿದೆ.

ದಿನಭತ್ಯೆ ಇಲ್ಲವೇ ಎಂದು ಕೇಳಬೇಡಿ, ಇದೆ. ಅದು ಆಡಿದ ಮೇಲೆ, ಪ್ರಮಾಣಪತ್ರದ ಜೆರಾಕ್ಸ್ ಹಚ್ಚಿದ ಮೇಲೆ, ಬಿಲ್ಲಿಗೆ ಸಹಿಯಾದ ಮೇಲೆ, ಗುಮಾಸ್ತರು ರಜೆಯಿಂದ ಬಂದ ಮೇಲೆ ಸಿಗುತ್ತದೆ. ಅಂದರೆ ನವೆಂಬರಿನ ಹಸಿವಿಗೆ ಮಾರ್ಚಿನಲ್ಲಿ ಊಟ. ಬಸ್ ಚಾರ್ಜಿನ ಕಥೆ ಇನ್ನೂ ಸೊಗಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅದು ಬಂದ ದಿನ ಹುಡುಗಿಯರ ತಂಡಕ್ಕಿಂತ ಹೆಚ್ಚು ಹಿಗ್ಗಿದವರು ಪ್ರವಾಸ ಭತ್ಯೆಯ ಬಿಲ್ಲು ನೋಡುವವರು. ಉಳಿದ ಆ ದುಡ್ಡಿನಲ್ಲಿ ಹುಡುಗಿಯರಿಗೆ ಹಾಲು ಕೊಡಿಸಬಹುದಿತ್ತಲ್ಲ ಎಂದರೆ, ಶೀರ್ಷಿಕೆ ಬೇರೆ ಎನ್ನುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಬಸ್ಸಿನ ದುಡ್ಡು ಹಾಲಾಗುವುದಿಲ್ಲ.

ಮೊಟ್ಟೆಯ ವಿಷಯವಂತೂ ತತ್ತ್ವಶಾಸ್ತ್ರಕ್ಕೆ ಸೇರಿದ್ದು. ಅಪೌಷ್ಟಿಕತೆ ಹೆಚ್ಚಿದೆ ಎಂದು ಕಲಬುರಗಿಯೂ ಸೇರಿದಂತೆ ಈ ಭಾಗದ ಸರ್ಕಾರಿ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾಯಿತು. ಈಗ ಹತ್ತನೇ ತರಗತಿಯವರೆಗೆ ವಾರದಲ್ಲಿ ಆರು ದಿನ. ಒಳ್ಳೆ ಕೆಲಸ, ತಕರಾರಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಪಾಸಾದ ಮರುದಿನವೇ ಆ ಮಗು ಪುಷ್ಟವಾಗಿದೆ ಎಂದು ಸರ್ಕಾರ ತೀರ್ಮಾನಿಸುತ್ತದೆ. ಅವನು ದಿನಾ ಹತ್ತು ಕಿಲೋಮೀಟರ್ ಓಡುವವನಾದರೆ ಇನ್ನೂ ಪುಷ್ಟ.

ನಮ್ಮ ಹಿರಿಯರು ಇಷ್ಟು ಆಧುನಿಕರಾಗಿರಲಿಲ್ಲ. ಚಿತ್ತಾಪುರದ ಪಕ್ಕದಲ್ಲೇ ನಾಗಾವಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, 1058ರ ಶಾಸನ. ಗುರುಗಳಿಗೆ ಉಂಬಳಿ, ವಿದ್ಯಾರ್ಥಿಗಳಿಗೆ ಊಟದ ವ್ಯವಸ್ಥೆ, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತಿ ಭಂಡಾರಿಗರು. ಕಲಿಯುವ ಹುಡುಗನಿಗೆ ಮೊದಲು ಹೊಟ್ಟೆಗೆ ಹಾಕಬೇಕು ಎಂದು ಕಲ್ಲಿನಲ್ಲಿ ಕೆತ್ತಿಸಿದ ಊರು ಇದು. ಈಗ ಅಲ್ಲಿಗೆ ಪ್ರವಾಸ ಹೋದ ವಿದ್ಯಾರ್ಥಿಗಳು ಬುತ್ತಿ ಕಟ್ಟಿಕೊಂಡು ಹೋಗಬೇಕು.

ಊಟ ಸಿಕ್ಕರೂ ಎಲ್ಲಿ ಸಿಗುತ್ತದೆ ಎಂಬುದು ಇನ್ನೊಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದ ಕ್ರೀಡಾಂಗಣದಲ್ಲಿ ರಾಜ್ಯಮಟ್ಟದ ಕಬಡ್ಡಿಗೆ ಬಂದ ಹುಡುಗಿಯರಿಗೆ ಶೌಚಾಲಯದಲ್ಲಿಟ್ಟ ಅನ್ನ ಬಡಿಸಿದ್ದನ್ನು ದೇಶವೆಲ್ಲ ವಿಡಿಯೊದಲ್ಲಿ ನೋಡಿತು. ಅಧಿಕಾರಿ ಅಮಾನತಾದರು. ಹುಡುಗಿಯರು ಅಷ್ಟರಲ್ಲಿ ಉಂಡಾಗಿತ್ತು.

ತಾಲ್ಲೂಕಿನವರಿಗೆ ಮಾತ್ರ ಹೀಗೆ ಎಂದು ಮುನಿಸಿಕೊಳ್ಳಬೇಕಿಲ್ಲ, ಮೇಲೆ ಹೋದವರಿಗೂ ಭೇದಭಾವವಿಲ್ಲ. 2025ರ ಜುಲೈನಲ್ಲಿ ಜರ್ಮನಿಯಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಭಾರತದ ಬ್ಯಾಡ್ಮಿಂಟನ್ ತಂಡದಲ್ಲಿ ಹನ್ನೆರಡು ಮಂದಿ. ಜೊತೆಗೆ ಹೋದ ಅಧಿಕಾರಿಗಳು ಸಭೆಯಲ್ಲಿ ಆರೇ ಹೆಸರು ಕೊಟ್ಟುಬಂದರು. ಉಳಿದ ಆರು ಮಂದಿ ವಿಮಾನ ಹತ್ತಿ ಯೂರೋಪಿಗೆ ಹೋಗಿ ಆಡದೆ ಕೂತರು. ಹೆಸರಿದ್ದ ಆರೇ ಮಂದಿ ಆಡಿ ಮಿಶ್ರ ತಂಡಕ್ಕೆ ಕಂಚು ತಂದರು. ನಮ್ಮ ಪಿಟಿ ಮಾಸ್ತರು ಹಾಜರಿ ಪುಸ್ತಕದಲ್ಲಿ ಹೆಸರು ಬಿಟ್ಟರೆ ಪ್ರಿನ್ಸಿಪಾಲರು ಮೆಮೊ ಕೊಡುತ್ತಾರೆ. ಮಾಸ್ತರು ಇದ್ದರೆ ಎಂಬುದು ಬೇರೆ ಮಾತು. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಇರುವಲ್ಲಿ ತಂಡ ಕರೆದೊಯ್ಯುವ ಹೊಣೆ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರ ತಲೆಗೆ ಬೀಳುತ್ತದೆ. ಪಾಪ, ಅವರಿಗೂ ಸಂಬಳ ಬಂದಿರುವುದಿಲ್ಲ. ಗುರುಶಿಷ್ಯರಲ್ಲಿ ಇಂಥ ಸಮಾನತೆ ಬೇರೆಲ್ಲೂ ಕಾಣದು.

ಪೆಟ್ಟು ಬಿದ್ದರೆ? ತಣ್ಣನೆಯ ಸ್ಪ್ರೇ ಇದೆ. ಮೊಣಕಾಲಿನ ಲಿಗಮೆಂಟ್ ಹರಿದರೂ ಅದೇ ಸ್ಪ್ರೇ, ಭುಜ ಜಾರಿದರೂ ಅದೇ. ಡಬ್ಬಿ ಖಾಲಿಯಾಗಿದ್ದರೆ ಅಲ್ಲಾಡಿಸಿ ತೋರಿಸುತ್ತಾರೆ, ಅದರಿಂದಲೂ ಅರ್ಧ ಗುಣ. ಆಮೇಲಿನದು ಮನೆಯವರಿಗೆ ಬಿಟ್ಟದ್ದು. ಬಿಪಿಎಲ್ ಕಾರ್ಡು, ರೆಫರಲ್ ಚೀಟಿ, ಕಲಬುರಗಿಯ ಆಸ್ಪತ್ರೆಯ ಸಾಲು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನ್ನಿಸನ್ ಎಂಬಾತ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿದ್ದು ಸತ್ತ. ಹೆಂಡತಿ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಅವನು ನೌಕರನಲ್ಲ, ಪರಿಹಾರವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಅವನು ಸತ್ತು ಎಪ್ಪತ್ತು ವರ್ಷಕ್ಕೆ ಅಲ್ಲಿ ಸಂಬಳದ ಮಾತು ಬಂತು. ನಮ್ಮ ಹೆಂಗಸರು ಕೋರ್ಟಿಗೆ ಹೋಗುವುದಿಲ್ಲ, ದೇವರ ಇಚ್ಛೆ ಎನ್ನುತ್ತಾರೆ. ಅದಕ್ಕೇ ನಮ್ಮಲ್ಲಿ ಇನ್ನೂ ಎಪ್ಪತ್ತರ ಲೆಕ್ಕವೇ ಶುರುವಾಗಿಲ್ಲ. ಹೆರವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೆ ವಿಮೆಯ ಕಂತು ಯಾಕೆ ಬೇಕು?

ಈಗ ಕೂಲಿ. ಅಂತರ ಕಾಲೇಜು ಪಂದ್ಯಗಳ ಕಾಲಕ್ಕೂ ತೊಗರಿ ರಾಶಿಯ ಕಾಲಕ್ಕೂ ಹಾದಿಯಲ್ಲಿ ಮುಖಾಮುಖಿಯಾಗುವ ಅಭ್ಯಾಸ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಬಂತು, ಅದನ್ನು ಕೊಯ್ಯುವ ಹುಡುಗನಿಗೆ ಬರಬೇಕಷ್ಟೇ. 2025-26ರ ಉದ್ಯೋಗ ಖಾತ್ರಿ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ. ಮೂರು ದಿನ ಟೂರ್ನಿಗೆ ಹೋದರೆ ಮನೆಗೆ ಸಾವಿರದ ನೂರರ ಖೋತಾ. ತಾಂಡಾದ ಮನೆಯಾದರೆ ತಂದೆತಾಯಿ ಆಗಲೇ ಪುಣೆಗೋ ಮುಂಬೈಗೋ ದುಡಿಯಲು ಹೋಗಿರುತ್ತಾರೆ, ತಂಗಿಯ ರೊಟ್ಟಿಯೂ ಅವನ ಕೈಯಲ್ಲೇ. ಅಂಥ ಹುಡುಗ ಟೂರ್ನಿಗೆ ಹೋಗುತ್ತಾನೆ ಎಂದರೆ ಅವನೇ ಕಾಲೇಜಿನ ದೊಡ್ಡ ಪ್ರಾಯೋಜಕ. ಅವನ ಮುಖವನ್ನೇ ಫ್ಲೆಕ್ಸಿನ ಮೇಲಿನ ಸಾಲಿಗೆ ಹಾಕಬೇಕು.

ಹಾಗೆಂದು ಸರ್ಕಾರ ದುಡ್ಡು ಕೊಡುವುದೇ ಇಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಕೊಡುತ್ತದೆ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರೆ 6 ಕೋಟಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ್ದಾರೆ. ಸೇಡಂನ ಓಟಗಾರ ಮಾಡಬೇಕಾದ್ದಿಷ್ಟೇ, ಬಾಳೆಹಣ್ಣು ತಿಂದು ಒಲಿಂಪಿಕ್ಸ್ ಗೆಲ್ಲಬೇಕು. ಅಷ್ಟೆತ್ತರಕ್ಕೆ ಹೋಗಲಾಗದಿದ್ದರೂ ಚಿಂತೆಯಿಲ್ಲ, ಯುವನಿಧಿ ಇದೆ. ಪದವಿ ಮುಗಿಸಿ ಆರು ತಿಂಗಳು ಕೆಲಸ ಸಿಗದೆ ಕೂತರೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಈ ಏರ್ಪಾಟಿನ ಚೆಲುವು ಗಮನಿಸಿ. ಓಡುವಾಗ ಏನೂ ಇಲ್ಲ, ಓಡುವುದು ನಿಲ್ಲಿಸಿ ಕಟ್ಟೆ ಮೇಲೆ ಕೂತ ಮೇಲೆ ಮಾಸಾಶನ. ಅದರಲ್ಲಿ ಅರ್ಧವನ್ನಾದರೂ ಓಡುತ್ತಿದ್ದಾಗಲೇ ಕೊಟ್ಟಿದ್ದರೆ ಅವನು ಕಟ್ಟೆಗೆ ಬರುತ್ತಲೇ ಇರಲಿಲ್ಲವೇನೋ. ಆಗ ಫಲಾನುಭವಿಗಳ ಸಂಖ್ಯೆ ಕಡಿಮೆಯಾಗಿ ಯೋಜನೆ ವಿಫಲವಾಗುತ್ತಿತ್ತು.

ಗೆದ್ದು ಬಂದವರ ಕಥೆಯನ್ನೂ ನೋಡಿದ್ದೇವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಎರಡೂ ತಂಡಗಳು ಗೆದ್ದವು. ಗೆದ್ದ ತಂಡಗಳಲ್ಲಿ ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ಕರ್ನಾಟಕ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಎಂದಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಎಂದಿತ್ತು. ನಮ್ಮ ಇಬ್ಬರೂ 5 ಲಕ್ಷ ಬೇಡ ಎಂದು ಹೇಳಿಬಿಟ್ಟರು. ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಡೈವ್ ನಾನು ನೋಡಿಲ್ಲ. ಶಾಲು ಬೇಡ ಎನ್ನುವವರು ಹುಟ್ಟಿಕೊಂಡರೆ ಶಾಲು ಹೊದಿಸುವವರ ಗತಿಯೇನು ಎಂದು ಹಲವರಿಗೆ ನಿದ್ದೆ ಬಂದಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳುವ ಊರು ಬಡ ಊರೇ ಎಂದರೆ, ನೆಲ ಬಡವಲ್ಲ. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ, ಎಲ್ಲವೂ ಸಿಮೆಂಟ್ ಕಾರ್ಖಾನೆಗಳು. ರಾಷ್ಟ್ರಕೂಟರ ರಾಜಧಾನಿಯ ಸುಣ್ಣಗಲ್ಲು ಹಗಲೂ ರಾತ್ರಿ ಸಿಮೆಂಟಾಗಿ ರೈಲು ಹತ್ತುತ್ತದೆ. ದೇಶದ ಎಷ್ಟು ಕ್ರೀಡಾಂಗಣಗಳ ಗ್ಯಾಲರಿಗೆ ಹೋಗಿದೆಯೋ. ಅತಿಥಿಗಳು ಕೂರುವ ವೇದಿಕೆಗೆ ಶಹಾಬಾದಿನ ಪರ್ಸಿಕಲ್ಲು ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು, ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಗೆ ತರಬೇತಿ ಎಂದು ಸ್ಪಷ್ಟವಾಗಿ ಬರೆದಿದೆ. ಅತ್ತ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಎಂಬ ಬಜೆಟ್ ಘೋಷಣೆ. ದುಡ್ಡಿನ ಕೊರತೆ ಎಂದು ಹೇಳಲು ಯಾರಿಗೂ ಬಾಯಿಲ್ಲ. ತೊಂದರೆ ಒಂದೇ, ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ನೆಡಿಸಬಹುದು, ಮೊಟ್ಟೆಗೆ ನೆಡಿಸಲು ಬರುವುದಿಲ್ಲ. ವಿಮೆಯ ಪಾಲಿಸಿಗೆ ರಿಬ್ಬನ್ ಕಟ್ಟಲು ಬರುವುದಿಲ್ಲ. ಕಾಸು ಬೇಡದ ಗೌರವವೆಲ್ಲ ಆಟಗಾರನಿಗೆ ಧಾರಾಳ, ಕಾಸಿನ ಗೌರವ ಬಂದಾಗ ಮಾತ್ರ ಶೀರ್ಷಿಕೆ ಬೇರೆ.

ಹುಡುಗಿಯರ ಬಗ್ಗೆ ಒಂದು ಮಾತು ಬಾಕಿ ಉಳಿಯಿತು. ಅಮೆರಿಕದಲ್ಲಿ ಆಟಗಾರರು ಕಾಲೇಜು ಬದಲಿಸಲು ಹೆಸರು ನೋಂದಾಯಿಸುವ ವ್ಯವಸ್ಥೆ ಇದೆ, ಒಳ್ಳೆ ಅವಕಾಶ ಎಲ್ಲಿದೆಯೋ ಅಲ್ಲಿಗೆ ಹೋಗಬಹುದು. ನಮ್ಮ ಹುಡುಗಿಯರಿಗೂ ವರ್ಗಾವಣೆ ಉಂಟು, ಎರಡನೇ ವರ್ಷದ ಡಿಗ್ರಿಯಲ್ಲಿ ಒಂದು ಛಲೋ ಸಂಬಂಧ ಬರುತ್ತದೆ. ವಿಶ್ವವಿದ್ಯಾಲಯ ಮಟ್ಟದಲ್ಲಿ ಉದ್ದ ಜಿಗಿದವಳು ಆಮೇಲೆ ಜಿಗಿಯುವುದಿಲ್ಲ. ಮನೆಯವರಿಗೆ ಬಯ್ಯುವುದು ಸುಲಭ. ಆದರೆ ಅವರೂ ಲೆಕ್ಕ ಹಾಕುತ್ತಾರೆ: ಮೂರು ವರ್ಷ ಓಡಿ ತಂದದ್ದು ಒಂದು ಸ್ಟೀಲಿನ ಕಪ್ಪು, ಒಂದು ಪ್ರಮಾಣಪತ್ರ, ಒಂದು ಫ್ಲೆಕ್ಸಿನ ಮೂಲೆ. ತಿಂಗಳಿಗೆ ಒಂದೆರಡು ಸಾವಿರ ಅವಳ ಹೆಸರಿನಲ್ಲಿ ಬ್ಯಾಂಕಿಗೆ ಬೀಳುತ್ತಿದ್ದರೆ ಆ ಸಂಬಂಧವನ್ನು ಒಂದು ವರ್ಷ ಕಾಯಿಸುತ್ತಿದ್ದರು.

23 ಸಾವಿರ ಕೋಟಿ ಯಾರೂ ಕೇಳುತ್ತಿಲ್ಲ. ದಿನಭತ್ಯೆ ಆಡುವ ಮುಂಚೆ ಕೈಗೆ ಬರಲಿ, ಅಭ್ಯಾಸದ ದಿನಗಳಲ್ಲಿ ಎರಡು ಮೊಟ್ಟೆ, ಒಂದು ಲೋಟ ಹಾಲು ಸಿಗಲಿ, ತಂಡದ ಪಟ್ಟಿಯ ಜೊತೆಗೇ ಅಪಘಾತ ವಿಮೆಯ ಪಟ್ಟಿಯೂ ಹೋಗಲಿ, ಮೈದಾನಕ್ಕೆ ಒಬ್ಬ ಪೂರ್ಣಾವಧಿ ಮಾಸ್ತರು ಬರಲಿ. ಮತ್ತೆ, ಕಟ್ಟಿದ ಕ್ರೀಡಾ ಶುಲ್ಕ ಎಷ್ಟು, ಯಾವುದಕ್ಕೆ ಖರ್ಚಾಯಿತು ಎಂಬ ಒಂದು ಹಾಳೆ ನೋಟಿಸ್ ಬೋರ್ಡಿಗೆ ಅಂಟಲಿ.

ಅಂಟಿಸದಿದ್ದರೆ, ಓದುತ್ತಿರುವ ಹುಡುಗ ಹುಡುಗಿಯರೇ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸರ್ಕಾರಿ ಕಾಲೇಜು ಉತ್ತರ ಕೊಡಲೇಬೇಕು, ಸರ್ಕಾರದ ಅನುದಾನದಲ್ಲಿ ನಡೆಯುವ ಕಾಲೇಜು ಕೂಡ. ಗಡುವು 30 ದಿನ, ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡು ಇದ್ದವರು ಅದನ್ನೂ ಕಟ್ಟಬೇಕಿಲ್ಲ.